ಶಬನಮ್‌ಳ ಮೂಗು, ಮರಳುಗಾಡಿನ ನೀರು

ಸೋಮವಾರ, ಗುರುವಾರ ಬೆಳಿಗ್ಗೆ ಬ್ಯಾಡಗಿಯಲ್ಲಿ ಶಬನಮ್‌ಳನ್ನು ಹುಡುಕಬೇಕೆಂದರೆ ಮೆಣಸಿನಕಾಯಿ ಯಾರ್ಡಿನ ಶಂಕ್ರಪ್ಪನವರ ದಲಾಲಿ ಅಂಗಡಿಗೆ ಹೋಗಬೇಕು. ರೈತರು ತಂದ ಚೀಲಗಳನ್ನು ಹಮಾಲರು ಬಿಚ್ಚಿ ಕಟ್ಟೆಯ ಮೇಲೆ ಸುರಿಯುತ್ತಾರೆ. ಆ ಕೆಂಪು ರಾಶಿಯ ಮುಂದೆ ಮೊದಲು ಕೂರುವವಳು ಅವಳು. ಮೇಲಿನ ಕಾಯಿ ಮುಟ್ಟುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ರಾಶಿಯ ಹೊಟ್ಟೆಯೊಳಗಿನಿಂದ ನಾಲ್ಕು ಕಾಯಿ ತೆಗೆಯುತ್ತಾಳೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಬೀಜ ಗಿಲಿಗಿಲಿ ಎಂದರೆ ಕಾಯಿ ಒಣಗಿದೆ, ಸದ್ದಿಲ್ಲದಿದ್ದರೆ ಇನ್ನೂ ಹಸಿ ಇದೆ. ಕೊನೆಯದನ್ನು ಮೂಗಿಗೆ ಹಿಡಿಯುತ್ತಾಳೆ. ಮುಗ್ಗು ಹಿಡಿದ ಕಾಯಿ ಹೊರಗೆ ಎಷ್ಟೇ ಹೊಳೆಯಲಿ, ವಾಸನೆಯಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಒಂದೇ ಮಾತು. ಮಾರಾಟಕ್ಕೆ ಸರಿ ಇದ್ದರೆ "ಟೆಂಡರಿಗೆ ಬಿಡ್ರಿ" ಅನ್ನುತ್ತಾಳೆ, ಇಲ್ಲವಾದರೆ "ಇದನ್ನ ಬಿಸಲಿಗೆ ಹರವ್ರಿ" ಅನ್ನುತ್ತಾಳೆ. ಶಂಕ್ರಪ್ಪನವರ ಅಂಗಡಿಯ ಹೆಸರು ನಿಂತಿರುವುದು ಆ ಮಾತಿನ ಮೇಲೆ.

ಅವಳ ತಾಯಿ ಗುಲಾಬಬಿ ಅದೇ ಯಾರ್ಡಿನ ನೆಲದ ಮೇಲೆ ಮೂವತ್ತು ವರ್ಷ ತೊಟ್ಟು ಬಿಡಿಸಿದವರು. ಸಾಲಿನಲ್ಲಿ ಕೂತ ಹೆಂಗಸರ ಮಧ್ಯೆ, ಬಾಯಿಗೆ ಸೆರಗು ಕಟ್ಟಿಕೊಂಡು, ಸಂಜೆಯಾಗುವಷ್ಟರಲ್ಲಿ ಬೆರಳೆಲ್ಲ ಉರಿಯುವ ಕೆಲಸ. ಶಬನಮ್ ಹದಿನೆಂಟರಿಂದ ಇಪ್ಪತ್ತೈದರವರೆಗೆ ಅದನ್ನೇ ಮಾಡಿದಳು. ಒಂದು ದಿನ ಅವಳು ತೊಟ್ಟು ಬಿಡಿಸುತ್ತಲೇ ಹಸಿ ಕಾಯಿಗಳನ್ನು ಬೇರೆ ಗುಡ್ಡೆ ಹಾಕುತ್ತಿದ್ದುದು ಶಂಕ್ರಪ್ಪನವರ ಕಣ್ಣಿಗೆ ಬಿತ್ತು. ಕರೆದು ಕಟ್ಟೆಯ ಮೇಲೆ ಕೂರಿಸಿದರು. ನೆಲದಿಂದ ಕಟ್ಟೆಗೆ ಬಹಳವೆಂದರೆ ಎರಡು ಅಡಿ ಎತ್ತರ. ಆ ಎರಡು ಅಡಿ ಹತ್ತಿದ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ.

ಹೋದ ಮಾರ್ಚಿನಲ್ಲಿ ಅವಳಿಗೊಂದು ಜ್ವರ ಬಂತು. ಐದು ದಿನಕ್ಕೆ ಜ್ವರ ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ.

ಅದು ನನಗೆ ಗೊತ್ತಾದದ್ದು ರಾಣೇಬೆನ್ನೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ. ನಾನು ಅವಳ ಗೆಳತಿ, ಮನೆಯಲ್ಲೇ ಹೊಲಿಗೆ ಮಾಡುವವಳು. ಒಲೆಯ ಮೇಲೆ ಒಗ್ಗರಣೆ ಇಟ್ಟು, ಬಟ್ಟೆ ಒಯ್ಯಲು ಬಂದವರ ಜೊತೆ ಬಾಗಿಲಲ್ಲಿ ಮಾತಿಗೆ ನಿಂತೆ. ಒಳಗೆ ಬಂದು ನೋಡಿದರೆ ಬೆಳ್ಳುಳ್ಳಿ ಕರಿ ಇದ್ದಲಾಗಿದೆ, ಮನೆಯೆಲ್ಲ ಕಮಟು. ಶಬನಮ್ ಒಲೆಯಿಂದ ಮೂರು ಮಾರು ದೂರದಲ್ಲಿ ಬೆನ್ನು ಮಾಡಿ ಕೂತು ನನ್ನ ಮಗಳು ಕಾವೇರಿಯ ಜಡೆ ಹೆಣೆಯುತ್ತಿದ್ದಾಳೆ.

"ಏ ಹುಡುಗಿ, ಮನಿ ಸುಟ್ರೂ ಜಡಿನ ಹಾಕತಿಯೇನ?" ಎಂದೆ.

ಅವಳು ತಿರುಗಿ ಹೊಗೆ ನೋಡಿದಳು. ಕೈಯಲ್ಲಿದ್ದ ಜಡೆ ಬಿಟ್ಟಳು. ಆಮೇಲೆ ಹೇಳಿದಳು. ಹುಬ್ಬಳ್ಳಿಯ ಡಾಕ್ಟರು, ತಿರುಗಿ ಬಂದರೂ ಬರಬಹುದು, ವರ್ಷಗಟ್ಟಲೆ ಬಾರದೆಯೂ ಇರಬಹುದು ಎಂದಿದ್ದರಂತೆ.

"ಯಾರ ಮುಂದೂ ಅನಬ್ಯಾಡ ರೋಹಿಣಿ. ಸಾವ್ಕಾರ್ರಿಗೆ ಗೊತ್ತಾದ್ರ ನಾ ಮತ್ತ ತೊಟ್ಟಿನ ಸಾಲಿಗೇ. ಅವ್ವನ ಕೆಮ್ಮು ದಿನಾ ಕೇಳೇನಿ. ನಾ ಅಲ್ಲಿ ಇಳಿಯಾಕಿ ಅಲ್ಲ."

"ಮತ್ತ ರಾಶಿ ಹ್ಯಾಂಗ ನೋಡಾಕತ್ತಿ?"

"ಕಿವಿ ಐತೆಲ್ಲ. ಕಣ್ಣೈತಿ. ಮೂಗಿಗೆ ಹಿಡದಂಗ ಮಾಡ್ತೇನಿ."

ನಾನು ಮಾತು ಕೊಟ್ಟೆ. ಅವಳಿಗೆ ಮಾತು ಕೊಡದಿರುವುದು ನನ್ನಿಂದ ಆಗುವ ಕೆಲಸವಲ್ಲ.

ಯಾಕೆಂದು ಹೇಳಬೇಕು. ಕಾವೇರಿ ಹುಟ್ಟಿದ ಮೊದಲ ನಾಲ್ಕು ತಿಂಗಳು ನನಗೆ ಏನೋ ಆಗಿತ್ತು. ಕೂಸು ಅತ್ತರೆ ನಾನೂ ಅಳುತ್ತಿದ್ದೆ. ಕೂಸು ಮಲಗಿದರೂ ಅಳುತ್ತಿದ್ದೆ. ಮನೆಗೆ ಬಂದವರೆಲ್ಲ ಕೂಸಿಗೆ ಏನು ಮಾಡಬೇಕೆಂದು ಹೇಳಿ ಹೋಗುತ್ತಿದ್ದರು. ಶಬನಮ್ ಪ್ರತಿ ಭಾನುವಾರ ತನ್ನ ಹಳೆಯ ಬುಲೆಟ್ಟಿನಲ್ಲಿ ಬ್ಯಾಡಗಿಯಿಂದ ಬರುತ್ತಿದ್ದಳು. ಸಾಬೂನು ಹಚ್ಚಿ ಕೈ ತೊಳೆದು, ಅರಿಶಿನ ಹಚ್ಚಿಕೊಂಡು ಮತ್ತೆ ತೊಳೆದು, ಕೂಸಿಗೆ ಖಾರ ತಾಗಬಾರದೆಂದು ನನ್ನ ದುಪಟ್ಟಾವನ್ನು ಮಡಿಲಿಗೆ ಹಾಸಿಕೊಂಡು, "ಕೊಡಿಲ್ಲಿ. ನೀ ಹೋಗಿ ಮೈಗೆ ನೀರ ಎರಕೋ. ಲಗೂ ಬರಬ್ಯಾಡ" ಎನ್ನುತ್ತಿದ್ದಳು. ಅಷ್ಟೇ. ಆ ವರ್ಷದ ನನ್ನ ಡೈರಿಯಲ್ಲಿ ಭಾನುವಾರಗಳ ಹಾಳೆ ಮಾತ್ರ ತುಂಬಿವೆ, ಉಳಿದವು ಖಾಲಿ.

ಮರಳುಗಾಡಿನ ಹುಚ್ಚು ವೀರೇಂದ್ರನದು. ಅವನು ಶಂಕ್ರಪ್ಪನವರ ಮಗ. ಅಂಗಡಿಯ ಅರ್ಧ ಭಾರ ಈಗ ಅವನ ಹೆಗಲಿಗೆ ಬಂದಿದೆ. ಅವನ ಹೆಂಡತಿ ಭುವನಾ, ಶಬನಮ್, ನಾನು ಮೂವರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಶಬನಮ್ ಎರಡನೇ ವರ್ಷಕ್ಕೆ ಬಿಟ್ಟಳು, ಬೆಂಚಿನ ಗೆಳೆತನ ಬಿಡಲಿಲ್ಲ. ದೀಪಾವಳಿ ಮುಗಿದು ಹೊಸ ಕಾಯಿ ಯಾರ್ಡಿಗೆ ಬರುವ ಮುಂಚೆ ಕೆಲಸ ಕಡಿಮೆ ಇರುವ ಎರಡು ವಾರ ಸಿಗುತ್ತವೆ. ಆಗ ಜೋಧಪುರದವರೆಗೆ ರೈಲಿನಲ್ಲಿ ಬೈಕು ಹಾಕಿ, ಅಲ್ಲಿಂದ ಜೈಸಲ್ಮೇರದ ಆಚೆ ಕಲ್ಲುಗಾಡಿನಲ್ಲಿ ಡೇರೆ ಹಾಕಿಕೊಂಡು ತಿರುಗೋಣ ಎಂದ. ಎರಡು ಬೈಕು, ನಾಲ್ಕು ಜನ. ನಾನು ಶಬನಮ್‌ಳ ಹಿಂದೆ.

"ಎರಡು ವಾರ ಕಾವೇರಿನ್ನ ನಾ ನೋಡ್ಕೋತೇನಿ, ಹೋಗಿ ಬಾ" ಎಂದರು ನನ್ನ ಗಂಡ ಮೈಲೇಶ. ಅವರು ಬೀಜದ ಹೊಲಗಳನ್ನು ನೋಡಿಕೊಳ್ಳುವವರು. ಆ ದಿನಗಳಲ್ಲಿ ಅವರಿಗೂ ಬಿಡುವು. ಅತ್ತೆ ಉಚ್ಚಂಗೆವ್ವ ಹೊಳೆ ದಂಡೆಯ ಐರಣಿಯಿಂದ ಮೊಮ್ಮಗಳಿಗಾಗಿ ಬಂದವರು ಬಾಗಿಲಲ್ಲೇ ಶುರು ಮಾಡಿದರು.

"ಹೊಳಿ ದಂಡಿ ಮನಿಗೆ ಸೊಸಿಯಾಗಿ ಬಂದಾಕಿ, ನೀರಿಲ್ಲದ ಊರಿಗೆ ಉಮೇದಿಲೆ ಹೊಂಟಿಯಲ್ಲ, ನಿನಗೇನ ಒಂಟಿಗೆ ಹರಕಿ ಐತೇನವಾ?"

"ಇಲ್ರಿ ಅತ್ತಿ. ಹಂಗ ಒಂದು ನೋಡಿ ಬರತೇನಿ."

"ನೋಡು ನೋಡು. ನೋಡಿದ ಮ್ಯಾಲೆ ಆ ಒಂಟಿಗೂ ಒಂದು ಜಂಪರ ಹೊಲದು ಕೊಟ್ಟು ಬಾ" ಎಂದು, ನನ್ನ ಚೀಲಕ್ಕೆ ತಾವೇ ಶೇಂಗಾ ಚಟ್ನಿಯ ಡಬ್ಬಿ ತುರುಕಿದರು.

ರೈಲಿಗೆ ಹಾಕುವ ಬೈಕುಗಳಿಗೆ ಸುತ್ತಲೂ ಗೋಣಿತಟ್ಟು ಸುತ್ತಿ ಹೊಲಿಯಬೇಕು. ಬೇರೆ ಊರಿನವರು ಗೋಣಿ ಹುಡುಕುತ್ತಾರೆ. ಬ್ಯಾಡಗಿಯವರಿಗೆ ಆ ಚಿಂತೆ ಯಾಕೆ? ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಕಾಯಿ ಚೀಲಗಳನ್ನು ವೀರೇಂದ್ರ ಹೊರೆಗಟ್ಟಲೆ ತಂದ. ನಾನು ದಬ್ಬಣ ಹಿಡಿದು ಹೊಲಿದೆ. ಜೋಧಪುರದಲ್ಲಿ ಇಳಿಸುವಾಗ ನೋಡಬೇಕಿತ್ತು. ಪಾರ್ಸಲ್ ಡಬ್ಬಿಯ ಹಮಾಲರು ಒಬ್ಬರಾದ ಮೇಲೆ ಒಬ್ಬರು ಸೀನುತ್ತ ಹೊರಗೆ ಓಡಿ ಬಂದರು. ಕೆಂಪು ಪೇಟದ ದೊಡ್ಡವರೊಬ್ಬರು ಕಣ್ಣು ಒರೆಸಿಕೊಳ್ಳುತ್ತ, "ಗಾಡಿ ಲಾಯೇ ಹೋ ಯಾ ಮಸಾಲಾ?", ತಂದದ್ದು ಗಾಡಿಯೋ ಮಸಾಲೆಯೋ, ಎಂದು ಬೈದರು. ಶಬನಮ್ ಹಿಂದಿಯಲ್ಲಿ ಕ್ಷಮೆ ಕೇಳಿ, ತಾನೇ ಒಳಗೆ ನುಗ್ಗಿ ಎರಡೂ ಬೈಕು ಇಳಿಸಿಕೊಂಡಳು. ಕಾಯಿಯ ಧೂಳು ಅವಳ ಮೂಗಿಗೆ ಏನೂ ಮಾಡಲಿಲ್ಲ. ಅದನ್ನು ಕಂಡು ವೀರೇಂದ್ರ, "ನೋಡ್ರಿ, ಬ್ಯಾಡಗಿ ಹುಲಿ!" ಎಂದು ನಕ್ಕ. ನಾನು ನಗಲಿಲ್ಲ. ಬಿಚ್ಚಿದ ಗೋಣಿಗಳನ್ನು ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಝಾಡಿಸಿ, ನಲ್ಲಿಯ ಕೆಳಗೆ ಒಮ್ಮೆ ಹಿಂಡಿ, ಡೇರೆಯ ಕೆಳಗೆ ಹಾಸಲು ಆದಾವು ಎಂದು ಕಟ್ಟಿಕೊಂಡೆವು.

ಜೈಸಲ್ಮೇರ ದಾಟಿದ ಮೇಲಿನ ಎರಡು ದಿನಗಳನ್ನು ಹೇಗೆ ಬರೆಯಲಿ? ಮರಳುಗಾಡೆಂದರೆ ಬರೀ ಮರಳ ದಿಬ್ಬ ಎಂದುಕೊಂಡಿದ್ದೆ. ನಾವು ಹೋದ ದಾರಿಯಲ್ಲಿ ಕಲ್ಲೇ ಹೆಚ್ಚು. ಹಳದಿ ಕಲ್ಲಿನ ಚಪ್ಪಡಿಗಳು, ಗರಸು, ಒಣಗಿದ ಹಳ್ಳದ ಪಾತ್ರ, ಮಧ್ಯೆ ಮಧ್ಯೆ ಚಕ್ರ ನುಂಗುವ ಮರಳು. ಮರಳು ಬಂದಾಗ ಶಬನಮ್, "ಹಿಂದಕ್ಕ ಸರದು ಗಟ್ಟಿ ಕುಂದ್ರು, ಉಸಿರು ಹಿಡಿಬ್ಯಾಡ" ಎನ್ನುತ್ತಿದ್ದಳು. ಕಾಲು ಎರಡೂ ಕಡೆ ಬಿಟ್ಟು, ಬಾತುಕೋಳಿಯಂತೆ ನೆಲ ಒದೆಯುತ್ತ ಬೈಕನ್ನು ಆಚೆ ದಾಟಿಸುತ್ತಿದ್ದಳು. ಒಂದು ಕಡೆ ಗಿಡದ ನೆರಳಿಗೆ ನಿಂತಾಗ ಭುವನಾ ಎಲೆ ಕಿತ್ತು ನೋಡಿ, "ಅಯ್ಯ, ಇದು ನಮ್ಮ ಬನ್ನಿ ಗಿಡ!" ಎಂದಳು. ಹೌದು, ಬನ್ನಿಯೇ. ಅಷ್ಟು ದೂರ ಬಂದು ಊರಿನ ಗಿಡದ ಬುಡದಲ್ಲಿ ಕಟಕ ರೊಟ್ಟಿ ಮುರಿದು ತಿಂದೆವು.

ಮೂರನೆಯ ದಿನ ಬೆಳಿಗ್ಗೆ ಕೊನೆಯ ಅಂಗಡಿ ಇದ್ದ ಹಳ್ಳಿಯಲ್ಲಿ ಎರಡು ಕ್ಯಾನುಗಳಿಗೆ ನೀರು ತುಂಬಿಸಿದೆವು. ಇನ್ನು ಮರುದಿನ ಮಧ್ಯಾಹ್ನದವರೆಗೆ ದಾರಿಯಲ್ಲಿ ಅಂಗಡಿಗಳಿಲ್ಲ ಎಂದಿದ್ದರು. ಕುಲುಕಾಟಕ್ಕೆ ಎರಡೂ ಮುಚ್ಚಳಗಳ ರಬ್ಬರು ಹರಿದು, ನೀರು ತೊಟ್ಟಿಕ್ಕುತ್ತಿತ್ತು. ಯಾರ್ಡಿನವರಿಗೆ ಎಲ್ಲದಕ್ಕೂ ಗೋಣಿಯೇ ಮದ್ದು. ಶಬನಮ್ ಗೋಣಿಯಿಂದ ಎರಡು ತುಂಡು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಮುಚ್ಚಳದೊಳಗೆ ಇಡಲು ಹೋದಳು.

"ಅದು ಕಾಯಿ ಚೀಲಲ್ಲೇನು? ಒಮ್ಮೆ ಮೂಸಿ ನೋಡು, ಮುಗ್ಗೇನರ ಹಿಡದೀತು" ಎಂದ ವೀರೇಂದ್ರ, ಹಗ್ಗ ಬಿಗಿಯುತ್ತ.

ಅವಳು ತುಂಡನ್ನು ಮೂಗಿಗೆ ಹಿಡಿದಳು. ಯಾರ್ಡಿನಲ್ಲಿ ಹಿಡಿಯುವಂತೆಯೇ, ಕಣ್ಣು ಅರ್ಧ ಮುಚ್ಚಿ.

"ಏನಿಲ್ರಿ ಅಣ್ಣಾರ. ತೊಳದ ಚೀಲ."

ನಾನು ಐದು ಹೆಜ್ಜೆ ದೂರದಲ್ಲಿ ನಿಂತು ಅದನ್ನು ಕಂಡೆ. ನನಗೆ ಗೊತ್ತಿತ್ತು. ಆ ತುಂಡನ್ನು ಕೈಗೆ ತೆಗೆದುಕೊಂಡು ನಾನೇ ಮೂಸಿ ನೋಡಿದ್ದರೆ ಮುಗಿಯುತ್ತಿತ್ತು. ಫೋನಿನಲ್ಲಿ ಕಾವೇರಿ, "ಅವ್ವಾ, ಒಂಟಿಗೆ ಬಾಲ ಐತೇನು?" ಎಂದು ಕೇಳುತ್ತಿದ್ದಳು. ಬಾಲದ ವಿಷಯ ಮುಗಿಸಿ ನೋಡೋಣ ಎಂದುಕೊಂಡೆ. ಬಾಲದ ವಿಷಯ ಮುಗಿಯುವಷ್ಟರಲ್ಲಿ ಬೈಕು ಚಾಲೂ ಆಗಿತ್ತು, ನಾನು ಮರೆತೆ.

ಆ ದಿನ ಕೈಯಲ್ಲಿದ್ದ ಬಾಟಲಿಗಳ ನೀರೇ ಕುಡಿದೆವು. ದಾರಿ ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಕಲ್ಲಿನ ಮೇಲೆ ಹಾರುತ್ತ, ಇಳಿದು ತಳ್ಳುತ್ತ ಹೋಗಿ, ಹೊತ್ತು ಇಳಿಯುವ ಮುಂಚೆ ಒಂದು ಬಂಡೆಯ ಮರೆಯಲ್ಲಿ ಡೇರೆಗೆ ಜಾಗ ನೋಡಿದೆವು. ಬಾಟಲಿಗಳೆಲ್ಲ ಖಾಲಿ. ಭುವನಾಳ ಬಾಟಲಿಯಲ್ಲಿ ಮಾತ್ರ ನಾಲ್ಕು ಗುಟುಕು. ಅವಳು ಚಹಾಕ್ಕೆಂದು ಪಾತ್ರೆಗೆ ಕ್ಯಾನು ಬಗ್ಗಿಸಿದಳು.

ನೀರು ಕೆಂಪಗಿತ್ತು. ಅದರ ಮೇಲೆ ಹುಡಿ ತೇಲುತ್ತಿತ್ತು. ನಾನು ಬಗ್ಗಿ ನೋಡುವ ಮೊದಲೇ ವಾಸನೆ ಬಂತು. ಮಳೆಗಾಲದಲ್ಲಿ ಮೂಲೆಗೆ ಬಿದ್ದ ಚೀಲದ ಕೊಳೆತ ಮುಗ್ಗು, ಅದರೊಳಗೆ ಗಂಟಲು ಕೆರೆಯುವ ಖಾರ. ದಿನವಿಡೀ ಕುಲುಕಿ ಕುಲುಕಿ ನೀರು ಆ ಗೋಣಿಯನ್ನು ತೊಳೆದು ತೊಳೆದು ಒಳಗೆ ಎಳೆದುಕೊಂಡಿತ್ತು. ಎರಡನೆಯ ಕ್ಯಾನೂ ಹಾಗೆಯೇ.

"ಥೂ! ಇದನ್ನ ದನಕ್ಕಿಟ್ರೂ ಒದೀತೈತಿ" ಎಂದಳು ಭುವನಾ.

ವೀರೇಂದ್ರ ಮುಚ್ಚಳದೊಳಗಿನ ತುಂಡನ್ನು ಎತ್ತಿ ಮೂಸಿದ. ಮುಖ ಕಿವುಚಿದ.

"ಶಬನಮ್, ನೀ ಮೂಸಿದೆಲ್ಲ ಮುಂಜಾನೆ?"

ನಾನು ಮಧ್ಯೆ ಬಾಯಿ ಹಾಕಿದೆ. "ಆ ತುಂಡು ನಾ ಬದಲಿ ಮಾಡಿದ್ನಿ ವೀರೇಂದ್ರ, ಅದು..."

"ರೋಹಿಣಿ, ಬಿಡು" ಎಂದಳು ಶಬನಮ್. ಹೆಲ್ಮೆಟ್ಟನ್ನು ಕೆಳಗಿಟ್ಟಳು. "ಆಕಿ ಏನೂ ಮಾಡಿಲ್ಲ ಅಣ್ಣಾರ. ನಂಗ ವಾಸನಿ ಬರಂಗಿಲ್ಲ. ಮಾರ್ಚಿನ ಜ್ವರದಾಗ ಹೋತು. ಮುಂಜಾನೆ ನಾ ಸುಳ್ಳ ಮೂಸಿದೆ."

"ಮಾರ್ಚಿನಿಂದ?" ವೀರೇಂದ್ರನಿಗೆ ನೀರು ಮರೆತುಹೋಗಿತ್ತು. "ಎಂಟು ತಿಂಗಳು ನನ್ನ ಮುಂದ ಮೂಸಿ ಮೂಸಿ ತೋರಿಸಿದೆಲ್ಲ, ಅದೆಲ್ಲಾ?"

"ಸುಳ್ಳು."

ಅವನು ಬಂಡೆಗೆ ಬೆನ್ನು ಕೊಟ್ಟು ನಿಂತ. ಅವನಿಗೆ ಬಂದದ್ದು ಬರೀ ಸಿಟ್ಟಲ್ಲ. ತಂಗಿಯ ಹಾಗೆ ನಂಬಿದವಳು ಎದುರಿಗೇ ಆಟ ಕಟ್ಟಿದ್ದಳೆಂಬ ನೋವು ಅವನ ಮುಖದಲ್ಲಿ ಕಂಡಿತು. ಆ ಆಟದಲ್ಲಿ ನಾನೂ ಇದ್ದೆ. ಹೇಳಿದೆ. "ನನಗೂ ಗೊತ್ತಿತ್ತು. ಮುಂಜಾನೆ ನಾ ನೋಡಬೇಕಾಗಿತ್ತು, ನೋಡಲಿಲ್ಲ."

ಭುವನಾ ಎದ್ದಳು. "ಪಂಚಾಯ್ತಿ ಆಮ್ಯಾಲ ಮಾಡೂಣು. ಹೊತ್ತೈತಿ ಇನ್ನ. ಬರೂಮುಂದ ಎಡಕ್ಕ ನಾಲ್ಕು ಗುಡಸಲಾ, ಆಡು ಕಂಡಿದ್ವಲ್ಲ? ಆಡು ಐತಿ ಅಂದ್ರ ನೀರೂ ಇರಬೇಕು. ಹೊಂಡ್ರಿ." ತನ್ನ ಬಾಟಲಿಯ ನಾಲ್ಕು ಗುಟುಕನ್ನು ಸುತ್ತ ಕೊಟ್ಟಳು. ಮೊದಲ ಗುಟುಕು ಶಬನಮ್‌ಗೆ. ಬೇಕೆಂದೇ ಹಾಗೆ ಮಾಡಿದಳು.

ಆರೇಳು ಕಿಲೋಮೀಟರು ಹಿಂದಕ್ಕೆ ಬಂದೆವು. ಶಬನಮ್‌ಳ ಬೆನ್ನು ನನ್ನ ಎದೆಗೆ ಒರಗಿತ್ತು. ಅವಳು ಅಳುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು, ಹ್ಯಾಂಡಲ್ ಮಾತ್ರ ಒಂದು ಸಲವೂ ತಪ್ಪಲಿಲ್ಲ. "ತೊಟ್ಟಿನ ಸಾಲು ಅಂದ್ರ ತೊಟ್ಟಿನ ಸಾಲು" ಎಂದು ಒಮ್ಮೆ ಗಾಳಿಗೆ ಹೇಳಿದಳು.

ಮುಳ್ಳಿನ ಬೇಲಿಯ ಒಳಗೆ ನಾಲ್ಕು ದುಂಡು ಗುಡಿಸಲು. ಬಾಗಿಲಲ್ಲಿದ್ದ ಅಜ್ಜಿ ನಮ್ಮನ್ನು ಯಾರು, ಎಲ್ಲಿಂದ ಎಂದು ಕೇಳಲಿಲ್ಲ. ಬಾಯಿ ಒಣಗಿದವರನ್ನು ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಅಂಗಳದಲ್ಲಿ ನೆಲದೊಳಗೆ ಕಟ್ಟಿದ ಮಳೆನೀರಿನ ತೊಟ್ಟಿ ಇತ್ತು, ಮೇಲೆ ಬೀಗ ಹಾಕಿದ ಮುಚ್ಚಳ. ಬೀಗ ತೆಗೆದು, ಸಣ್ಣ ಬಕೆಟ್ಟು ಇಳಿಸಿ, ಒಬ್ಬೊಬ್ಬರ ಬೊಗಸೆಗೂ ತಾವೇ ಸುರಿದರು. ನೀರಿಗೆ ಬೀಗ ಹಾಕಿ ಬದುಕುವವರು, ನಮಗೆ ಸಾಕೆನ್ನುವವರೆಗೆ ಸುರಿದರು. ನಾನು ಹುಟ್ಟಿದಾಗಿನಿಂದ ತುಂಗಭದ್ರೆಯ ನೀರು ಕುಡಿದವಳು. ನೀರು ಕುಡಿದು ಕಣ್ಣಲ್ಲಿ ನೀರು ಬಂದದ್ದು ಅಂದೇ ಮೊದಲು.

ಆಮೇಲೆ ನಮ್ಮ ಕ್ಯಾನು ಎಳೆದುಕೊಂಡು ಮೂಸಿದರು. "ರಾಮ್ ರಾಮ್!" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಒಂದು ಹನಿ ನೀರು ಬಳಸದೆ, ಬಿಸಿ ಮರಳನ್ನು ಒಳಗೆ ಹಾಕಿ ಕುಲುಕಿ ಕುಲುಕಿ ಚೆಲ್ಲಿ, ಮತ್ತೆ ಹಾಕಿ, ಅದನ್ನು ತೊಳೆದು ತೋರಿಸಿದರು. ಬೇಲಿಯ ಪಕ್ಕದಲ್ಲೇ ಡೇರೆ ಹಾಕಲು ಕೈ ಮಾಡಿದರು. ಅವರ ಹೆಸರು ಕೇಳುವುದು ನನಗೆ ಹೊಳೆಯಲೇ ಇಲ್ಲ. ಡೈರಿಯಲ್ಲಿ "ನೀರು ಕೊಟ್ಟ ಅಜ್ಜಿ" ಎಂದಷ್ಟೇ ಇದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ವೀರೇಂದ್ರ ಅಜ್ಜಿಯ ಅಂಗಳದಲ್ಲಿ ಕೂತಿದ್ದ. ಎದುರಿಗೆ ಅವರ ಮೆಣಸಿನಕಾಯಿ ಗಡಿಗೆ. ಕೇಳಿಕೊಂಡು, ಮೇಲಿನವು, ಮಧ್ಯದವು, ತಳದವು ಎಂದು ಒಂದಿಷ್ಟು ಕಾಯಿ ತೆಗೆದು ಟವೆಲ್ಲಿನ ಮೇಲೆ ಕಲಸಿದ್ದ.

"ಶಬನಮ್, ಬಾ. ಕುಂದ್ರು" ಎಂದ. "ಹ್ಯಾಂಗ ನೋಡತಿದ್ದಿ, ತೋರಸು. ಮೂಗಿನ ಆಟ ಬ್ಯಾಡ."

ಅವಳು ಕೂತಳು. ಮೊದಲ ಕಾಯಿ ಎತ್ತಿ ಕಿವಿಗೆ ಹಿಡಿದಳು. ಗಾಳಿ ಇರಲಿಲ್ಲ, ಹಕ್ಕಿ ಇರಲಿಲ್ಲ, ಹಮಾಲರ ಕೂಗು, ಲಾರಿ, ಮೈಕು ಯಾವುದೂ ಇರಲಿಲ್ಲ. ಅವಳು ಅಲ್ಲಾಡಿಸಿದಾಗ ಆ ಬೀಜದ ಸದ್ದು ನನಗೂ ಕೇಳಿಸಿತು. ಎಷ್ಟು ವರ್ಷದಿಂದ ಅವಳು ಕಾಯಿಯನ್ನು ಕಿವಿಗೆ ಹಿಡಿಯುವುದನ್ನು ನೋಡಿದ್ದೇನೆ, ಒಳಗೆ ಏನು ಕೇಳುತ್ತಾಳೆಂದು ತಿಳಿದದ್ದು ಆಗ. ಸಣ್ಣ ಮಕ್ಕಳ ಗೆಜ್ಜೆಗಿಂತ ಸಣ್ಣದು.

"ಒಣಗೈತಿ. ಇದೂ. ಇದು ಹಸಿ, ಎರಡು ಬಿಸಲು ಬೇಕು. ಇದು ಮ್ಯಾಲೆ ಒಣಗೈತಿ, ತೊಟ್ಟಿನ ಬುಡಕ್ಕ ಹಸಿ." ವೀರೇಂದ್ರ ಮುರಿದು ನೋಡುತ್ತಾ ಹೋದ. ಎಲ್ಲ ಸರಿ. ಭುವನಾ ಹಲ್ಲುಜ್ಜುವುದನ್ನು ನಿಲ್ಲಿಸಿ ಬಾಯಲ್ಲಿ ಬ್ರಷ್ ಹಿಡಿದೇ ನಿಂತಿದ್ದಳು.

ಕೊನೆಗೆ ಅವಳು ಒಣಗಿದ ಕಡೆಗೆ ಇಟ್ಟ ಒಂದು ಕಾಯಿಯನ್ನು ವೀರೇಂದ್ರ ಮೂಸಿ, ಅವಳ ಕೈಗೆ ಹಿಂದಕ್ಕೆ ಕೊಟ್ಟ. ಅವಳು ಸೀಳಿದಳು. ಬೀಜ ಕಂದಾಗಿತ್ತು, ಒಳಗೆ ಬೂದಿಯಂಥ ಬಿಳಿ.

"ಮುಗ್ಗು. ಇದು ಕಿವಿಗೆ ಸಿಗಂಗಿಲ್ಲ ಅಣ್ಣಾರ" ಎಂದಳು. "ಸೀಳಿದ್ರ ಅಷ್ಟ ಗೊತ್ತಾಕ್ಕೈತಿ. ಅದಕ್ಕ ಪ್ರತಿ ರಾಶಿಗೂ ಇಪ್ಪತ್ತು, ಮೂವತ್ತು ಕಾಯಿ ಸೀಳಿ ನೋಡತಿದ್ದೆ. ನೀವು ಚಹಾಕ್ಕ ಹೋದಾಗ."

ವೀರೇಂದ್ರ ತಲೆ ಎತ್ತಿದ. "ಅದಕ್ಕ ಹೊತ್ತ ಮಾಡತಿದ್ದೇನ ನೀ?"

"ಹೂಂ."

"ಏ ಮಾರಾಯ್ತಿ! ನಾ ಏನ ತಿಳಕೊಂಡಿದ್ನಿ ಗೊತ್ತೈತೇನು? ಇಕಿಗೆ ಕೆಲಸದ ಮ್ಯಾಲೆ ಮನಸ್ಸಿಲ್ಲ, ಸೊಕ್ಕು ಬಂದೈತಿ ಅಂತ. ತಿರುಗಿ ಊರಿಗೆ ಹೋದ ಮ್ಯಾಲೆ ಅಪ್ಪಾಗ ಹೇಳಿ ನಿನ್ನ ಜಾಗಾಕ್ಕ ಬ್ಯಾರೆದವ್ರನ್ನ ನೋಡೂಣು ಅಂತ ಮಾಡಿದ್ದೆ."

ಅವಳಿಗೆ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. ಅಡಗಿಸಿದ್ದೇ ಅವಳ ಜಾಗಕ್ಕೆ ಕುತ್ತಾಗಿತ್ತು, ಮೂಗು ಹೋದದ್ದಲ್ಲ. ಬ್ಯಾಡಗಿಯಿಂದ ಇಷ್ಟು ದೂರ ಬಂದು, ಯಾರದೋ ಅಂಗಳದಲ್ಲಿ, ಯಾರದೋ ಗಡಿಗೆಯ ಕಾಯಿ ಮುಂದಿಟ್ಟುಕೊಂಡು ಆ ಇಬ್ಬರೂ ಅದನ್ನು ತಿಳಿದುಕೊಳ್ಳಬೇಕಾಯಿತು.

"ಆದ್ರೂ ಅಪ್ಪಾಗ ಹೇಳಬೇಕು" ಎಂದ ವೀರೇಂದ್ರ. "ಮುಗ್ಗಿನ ಒಂದು ರಾಶಿ ತಪ್ಪಿ ಹೋತಂದ್ರ ಹೆಸರು ಅವರದು. ನಾ ಮುಚ್ಚಿಡಾಂವ ಅಲ್ಲ."

"ನೀವು ಹೇಳಬ್ಯಾಡ್ರಿ. ನಾನ ಹೇಳತೇನಿ."

ಫೋನು ಸಿಗುವುದು ಹತ್ತಿರದ ದಿಬ್ಬದ ಮೇಲೆ ಮಾತ್ರ ಎಂದು ಅಜ್ಜಿ ತೋರಿಸಿದರು. ಶಬನಮ್ ನನ್ನ ಕೈ ಹಿಡಿದು ಹತ್ತಿದಳು. ಶಂಕ್ರಪ್ಪನವರು ಎರಡನೇ ರಿಂಗಿಗೆ ಎತ್ತಿದರು. ಅವರ ದನಿ ಫೋನಿನಿಂದ ಹೊರಗೇ ಕೇಳುತ್ತಿತ್ತು, ಅವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ.

ಅವಳು ಸುತ್ತಿ ಬಳಸಿ ಹೇಳಲಿಲ್ಲ. ಜ್ವರ, ಮಾರ್ಚು, ಸುಳ್ಳು, ಸೀಳಿ ನೋಡಿದ್ದು, ನೀರು ಎಲ್ಲವನ್ನೂ ಒಂದೇ ಉಸಿರಿನಲ್ಲಿ.

"ಎಂಟು ತಿಂಗಳಾ?" ಎಂದರು ಶಂಕ್ರಪ್ಪನವರು. "ಎಂಟು ತಿಂಗಳು ನಾ ನಿನಗೇನ ಹುಲಿ ಕಂಡ್ನೇನು? ಕಟ್ಟಿ ಮ್ಯಾಲೆ ಕುಂದರಿಸಿದಾಂವ ನಾ. ನನ್ನ ಮುಂದ ಹೇಳಾಕ ನಿನಗ ಮರಳುಗಾಡಿಗೆ ಹೋಗಬೇಕಾತೇನು?"

"ತಪ್ಪಾತ್ರಿ ಸಾವ್ಕಾರ್ರ."

"ತಪ್ಪಾತು. ಖರೇನ ತಪ್ಪಾತು. ಮುಗ್ಗಿಂದು ಒಂದರ ರಾಶಿ ತಪ್ಪಿ ಹೋಗೈತೇನು? ಸುಳ್ಳ ಹೇಳಬ್ಯಾಡ."

"ನನಗ ತಿಳದಮಟ್ಟಿಗೆ ಇಲ್ರಿ. ಅನುಮಾನ ಬಂದದ್ದೆಲ್ಲ ಬಿಸಲಿಗೆ ಹರವಿಸೇನಿ."

ನನ್ನ ಕೈಯನ್ನು ಅವಳು ಎಷ್ಟು ಬಿಗಿ ಹಿಡಿದಿದ್ದಳೆಂದರೆ ನನ್ನ ಉಂಗುರ ಬೆರಳಿಗೆ ಒತ್ತಿ ನೋಯುತ್ತಿತ್ತು.

"ಇನ್ನ ಎಂಟು ದಿನಕ್ಕ ಹೊಸಾ ಕಾಯಿ ಬರತೈತಿ. ನೀ ಕಟ್ಟಿಗೆ ಬಾ. ವಾಸನಿ ನೋಡಾಕ ಏನರ ಮಾಡೂಣು. ಸುಳ್ಳ ಮೂಸೂದು ಇನ್ನೊಮ್ಮೆ ಕಂಡ್ರ ಆವಾಗ ನೋಡು. ಹಾಂ, ಆ ನೀರು ಕೊಟ್ಟಾಕಿಗೆ ನಮ್ಮ ಬ್ಯಾಡಗಿ ಕಾಯಿ ಇದ್ರ ಒಂದು ಬೊಗಸಿ ಕೊಟ್ಟು ಬರ್ರಿ." ಫೋನು ಇಟ್ಟರು.

ಶಬನಮ್ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ನಾನೂ ಕೂತೆ. ದೂರದಲ್ಲಿ ವೀರೇಂದ್ರ ಕೈ ಎತ್ತಿ, ಏನಾಯಿತೆಂದು ಸನ್ನೆಯಲ್ಲಿ ಕೇಳುತ್ತ ನಿಂತಿದ್ದ. ಭುವನಾ ಅವನ ಕೈಯನ್ನು ಕೆಳಗೆ ಎಳೆಯುತ್ತಿದ್ದಳು. ಆ ಬೆಳಗಿನ ಬಗ್ಗೆ ಡೈರಿಯಲ್ಲಿ ನಾನು ಬರೆದುಕೊಂಡದ್ದು ಇಷ್ಟು: ಬಿಸಿಲು ಇನ್ನೂ ಎಳೆಯದಿತ್ತು, ನಮ್ಮಲ್ಲಿ ಯಾರಿಗೂ ಬಾಯಾರಿರಲಿಲ್ಲ, ಅವಳು ನನ್ನ ಹೆಗಲಿನ ಮೇಲೆ ತಲೆ ಇಟ್ಟಿದ್ದಳು. ಕೂಸನ್ನು ಹಿಡಿದುಕೊಂಡು ನನ್ನನ್ನು ಸ್ನಾನಕ್ಕೆ ಕಳಿಸಿದವಳ ತಲೆಗೆ ಹೆಗಲಾಗುವ ದಿನ ನನಗೂ ಬಂತಲ್ಲ ಎಂದು ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ, ಅಜ್ಜಿಯ ತೊಟ್ಟಿಯ ಕಡೆಗೆ ತಿರುಗಿ ಮುಗಿದೆ.

ಇನ್ನೂ ನಾಲ್ಕು ದಿನ ತಿರುಗಿದೆವು. ಪ್ರತಿ ಸಲ ನೀರು ತುಂಬಿಸುವಾಗ ಶಬನಮ್ ಮುಚ್ಚಳವನ್ನು ನನ್ನ ಮೂಗಿಗೆ ತಂದು ಹಿಡಿಯುತ್ತಿದ್ದಳು. "ಮೂಸು ಮೇಡಂ, ಡ್ಯೂಟಿ" ಎನ್ನುತ್ತಿದ್ದಳು. ನಾನು ಮೂಸಿ ತಲೆಯಾಡಿಸುವವರೆಗೆ ಬೈಕು ಚಾಲೂ ಮಾಡುತ್ತಿರಲಿಲ್ಲ.

ಡಿಸೆಂಬರಿನ ಮೊದಲ ಗುರುವಾರ ಕಾವೇರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬ್ಯಾಡಗಿಗೆ ಹೋದೆ. ಕಟ್ಟೆಯ ಮೇಲೆ ರಾಶಿಯ ಮುಂದೆ ಶಬನಮ್ ಕೂತಿದ್ದಳು, ಕಾಯಿ ಕಿವಿಯ ಹತ್ತಿರ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶಂಕ್ರಪ್ಪನವರು. ಮೊಣಕಾಲು ನೋವಿಗೆ ಅವರು ಗಲ್ಲಾ ಬಿಟ್ಟು ಏಳದೆ ಎಷ್ಟೋ ವರ್ಷವಾಗಿತ್ತಂತೆ. ಅವಳು ಸೀಳಿ ಕೊಟ್ಟ ಕಾಯಿಯನ್ನು ಅವರು ಮೂಸಿ, ತಲೆಯಾಡಿಸಿ, ಎರಡು ಸಲ ಸೀನಿ, ಮುಂದಿನದಕ್ಕೆ ಕೈ ಚಾಚುತ್ತಿದ್ದರು.

ಚೀಲ ಇಳಿಸಿದ್ದ ರೈತರೊಬ್ಬರು ಬೆರಗಾಗಿ ಕೇಳಿದರು, "ಏನ್ರಿ ಸಾವ್ಕಾರ್ರ, ನೀವ ಎದ್ದು ಬಂದೀರಿ?"

"ಇಕಿ ಮೂಗು ರಜಾ ಹಾಕೈತ್ರಿ" ಎಂದರು ಶಂಕ್ರಪ್ಪನವರು, ಇಡೀ ಯಾರ್ಡಿಗೆ ಕೇಳುವಂತೆ. "ಬರೂತನಕ ನಂದು ಹಾಜರಿ."

ಶಬನಮ್ ನಗುತ್ತ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು.